ಪಿಂಚಣಿ ನಂಬಿ ಪರದೇಶವಾಸ: ಪೋರ್ಚುಗಲ್‌ನ ಡಿ7 ವೀಸಾ

ಉದ್ಯೋಗದಿಂದ ನಿವೃತ್ತರಾದವರು ತಮ್ಮ ಪಿಂಚಣಿ, ಮನೆ ಬಾಡಿಗೆ, ಠೇವಣಿಯ ಬಡ್ಡಿ ಮುಂತಾದ ನಿಯತ ವರಮಾನವನ್ನು ತೋರಿಸಿ ಪರದೇಶವೊಂದರಲ್ಲಿ ನೆಲೆಸಲು ಅವಕಾಶ ಕಲ್ಪಿಸುವ ವೀಸಾಗಳು ಹಲವು ರಾಷ್ಟ್ರಗಳಲ್ಲಿ ಜಾರಿಯಲ್ಲಿವೆ. ಇವು ಪ್ರವಾಸಿ ವೀಸಾಗಳಲ್ಲ, ಉದ್ಯೋಗದ ವೀಸಾಗಳೂ ಅಲ್ಲ. ಕೋಟಿಗಟ್ಟಲೆ ಬಂಡವಾಳ ಹೂಡಿ ಪಡೆಯುವ ‘ಚಿನ್ನದ ವೀಸಾ’ಗಳಿಗಿಂತಲೂ ಇವು ಭಿನ್ನ. ಇಲ್ಲಿ ಸರ್ಕಾರ ಕೇಳುವುದು ಒಂದೇ ಪ್ರಶ್ನೆ: ನಮ್ಮ ನೆಲದಲ್ಲಿ ದುಡಿಯದೆಯೂ ತಾವು ತಮ್ಮ ಹೊಟ್ಟೆ ಹೊರೆದುಕೊಳ್ಳಬಲ್ಲಿರಾ?

ಈ ಬಗೆಯ ವೀಸಾಗಳ ಪೈಕಿ ಭಾರತೀಯರಲ್ಲಿ ಹೆಚ್ಚು ಚರ್ಚೆಗೆ ಒಳಗಾಗಿರುವುದು ಪೋರ್ಚುಗಲ್ ದೇಶದ ‘ಡಿ7’. ನಿವೃತ್ತರು, ಧಾರ್ಮಿಕ ಸೇವೆಯಲ್ಲಿರುವವರು ಹಾಗೂ ಸ್ವಂತ ವರಮಾನದಿಂದ ಬದುಕುವವರಿಗಾಗಿ ಇರುವ ಈ ವೀಸಾಕ್ಕೆ 2007ರ ಜುಲೈ 4ರ 23ನೇ ಸಂಖ್ಯೆಯ ವಲಸೆ ಕಾಯಿದೆಯೇ ಆಧಾರ. ಯುರೋಪಿನ ಇತರ ದೇಶಗಳಿಗೆ ಹೋಲಿಸಿದರೆ ಇದರ ವರಮಾನದ ಮಿತಿ ಕಡಿಮೆ. ಸ್ಪೇನ್ ದೇಶ ಇದೇ ಬಗೆಯ ವೀಸಾಕ್ಕೆ ಒಬ್ಬರಿಗೆ ತಿಂಗಳಿಗೆ 2,400 ಯೂರೋ ಕೇಳಿದರೆ, ಪೋರ್ಚುಗಲ್ ಕೇಳುವುದು ಅದರ ಅರ್ಧಕ್ಕಿಂತಲೂ ಕಡಿಮೆ. ‘ಅಗ್ಗದ ಯುರೋಪು’ ಎಂಬ ಪ್ರಚಾರ ಹುಟ್ಟಿಕೊಂಡದ್ದು ಇದರಿಂದಲೇ. ಆದರೆ ರೂಪಾಯಿಯಲ್ಲಿ ಪಿಂಚಣಿ ಪಡೆಯುವವರು ಈ ಪ್ರಚಾರವನ್ನು ಸ್ವಲ್ಪ ಎಚ್ಚರದಿಂದ ಓದಬೇಕಾಗುತ್ತದೆ.

ಯಾವುದು ವರಮಾನ, ಯಾವುದು ಅಲ್ಲ?

ಪಿಂಚಣಿ, ಸ್ಥಿರಾಸ್ತಿಯ ಬಾಡಿಗೆ, ಷೇರುಗಳ ಲಾಭಾಂಶ, ಠೇವಣಿಯ ಬಡ್ಡಿ, ಗ್ರಂಥಸ್ವಾಮ್ಯದ ಗೌರವಧನ ಇವೆಲ್ಲವೂ ಡಿ7ಗೆ ಒಪ್ಪಿತವಾದ ವರಮಾನಗಳು. ಬೆಂಗಳೂರಿನ ಕಂಪನಿಯೊಂದಕ್ಕೆ ದೂರದಿಂದಲೇ ದುಡಿದು ಪಡೆಯುವ ಸಂಬಳ ಈ ಸಾಲಿಗೆ ಸೇರದು. ಅಂಥವರಿಗೆಂದೇ 2022ರ ಅಕ್ಟೋಬರ್‌ನಿಂದ ‘ಡಿ8’ ಎಂಬ ಪ್ರತ್ಯೇಕ ವೀಸಾ ಜಾರಿಗೆ ಬಂದಿದ್ದು, ಅದರ ವರಮಾನದ ಮಿತಿ ಡಿ7ಗಿಂತ ನಾಲ್ಕು ಪಟ್ಟು ಹೆಚ್ಚು.

ಬ್ಯಾಂಕಿನಲ್ಲಿ ಹಣ ಇರುವುದು ಬೇರೆ, ವರಮಾನ ಬರುವುದು ಬೇರೆ ಎಂಬುದನ್ನು ಅರ್ಜಿದಾರರು ಮೊದಲೇ ಮನಗಾಣಬೇಕು. ನಿವೇಶನ ಮಾರಿದ ಒಂದು ಕೋಟಿ ರೂಪಾಯಿ ಖಾತೆಯಲ್ಲಿ ಇದ್ದರೂ ಅದು ಪ್ರತಿ ತಿಂಗಳು ಎಷ್ಟು ತಂದುಕೊಡುತ್ತದೆ ಎಂಬುದಕ್ಕೆ ದಾಖಲೆ ಇಲ್ಲದಿದ್ದರೆ ಅರ್ಜಿ ದುರ್ಬಲವಾಗುತ್ತದೆ. ಈ ದೃಷ್ಟಿಯಿಂದ ನೋಡಿದರೆ ಪಿಂಚಣಿದಾರರಿಗೆ ಈ ವೀಸಾ ಹೇಳಿ ಮಾಡಿಸಿದಂತಿದೆ. ಪಿಂಚಣಿ ಆದೇಶದ ಪ್ರತಿ ಮತ್ತು ಬ್ಯಾಂಕಿನ ಪಾಸ್‌ಬುಕ್ ಎರಡೂ ಸೇರಿ, ಬಾಡಿಗೆ ಕರಾರುಗಳ ಕಟ್ಟಿಗಿಂತ ಗಟ್ಟಿಯಾದ ಸಾಕ್ಷ್ಯ ಒದಗಿಸುತ್ತವೆ.

ಆದರೆ ಎಲ್ಲ ಪಿಂಚಣಿಯೂ ಒಂದೇ ಅಲ್ಲ. ಖಾಸಗಿ ಸಂಸ್ಥೆಗಳಲ್ಲಿ ದುಡಿದವರಿಗೆ ಭವಿಷ್ಯ ನಿಧಿ ಸಂಘಟನೆ ನೀಡುವ 1995ರ ಯೋಜನೆಯ ಪಿಂಚಣಿ ಇಂಥ ಲೆಕ್ಕಕ್ಕೆ ಸಾಲುವಂಥದಲ್ಲ. 2014ರಲ್ಲಿ ನಿಗದಿಯಾದ ಅದರ ಕನಿಷ್ಠ ಮೊತ್ತ ತಿಂಗಳಿಗೆ ಕೇವಲ 1,000 ರೂಪಾಯಿ. ಇನ್ನು 2006ರ ಏಪ್ರಿಲ್ 1ರ ನಂತರ ಕರ್ನಾಟಕ ಸರ್ಕಾರಿ ಸೇವೆಗೆ ಸೇರಿದವರು ಹೊಸ ಪಿಂಚಣಿ ಯೋಜನೆಗೆ ಒಳಪಟ್ಟಿದ್ದು, ಅದರಲ್ಲಿ ಸಿಗುವ ವರ್ಷಾಶನ ತುಟ್ಟಿಭತ್ಯೆಯೊಂದಿಗೆ ಏರುವಂಥದಲ್ಲ.

ಮಿತಿ ಎಷ್ಟು?

ಡಿ7ಗೆ ಬೇಕಾದ ವರಮಾನವನ್ನು ಪೋರ್ಚುಗಲ್‌ನ ಕನಿಷ್ಠ ಮಾಸಿಕ ವೇತನಕ್ಕೆ ಕಟ್ಟಿಹಾಕಲಾಗಿದೆ. ಮುಖ್ಯ ಅರ್ಜಿದಾರರಿಗೆ ಆ ವೇತನದಷ್ಟು, ಪತಿ ಅಥವಾ ಪತ್ನಿಗೆ ಅದರ ಶೇ. 50ರಷ್ಟು, ಅವಲಂಬಿತ ಮಕ್ಕಳಿಗೆ ತಲಾ ಶೇ. 30ರಷ್ಟು. 2026ರಲ್ಲಿ ಕನಿಷ್ಠ ವೇತನ 920 ಯೂರೋ. ಅಂದರೆ ದಂಪತಿಗೆ ತಿಂಗಳಿಗೆ 1,380 ಯೂರೋ. ಯೂರೋಗೆ 105 ರೂಪಾಯಿ ಎಂದು ಹಿಡಿದರೆ ಇದು ಸುಮಾರು 1.45 ಲಕ್ಷ ರೂಪಾಯಿ. ಇದರೊಡನೆ ಒಂದು ವರ್ಷದ ಮೊತ್ತವನ್ನು, ಎಂದರೆ ದಂಪತಿಗೆ 16,560 ಯೂರೋ, ಪೋರ್ಚುಗಲ್‌ನ ಬ್ಯಾಂಕ್ ಖಾತೆಯಲ್ಲಿ ಇಟ್ಟು ತೋರಿಸುವಂತೆ ಸಾಮಾನ್ಯವಾಗಿ ಕೇಳಲಾಗುತ್ತದೆ.

ಕರ್ನಾಟಕದ ಏಳನೇ ವೇತನ ಆಯೋಗದ ಶಿಫಾರಸುಗಳು 2024ರ ಆಗಸ್ಟ್‌ನಿಂದ ಜಾರಿಗೆ ಬಂದ ಬಳಿಕ ರಾಜ್ಯ ಸರ್ಕಾರಿ ನಿವೃತ್ತರ ಮೂಲ ಪಿಂಚಣಿಯ ಗರಿಷ್ಠ ಮಿತಿ ತಿಂಗಳಿಗೆ 1,20,600 ರೂಪಾಯಿ. ಅತ್ಯುನ್ನತ ಹುದ್ದೆಯಿಂದ ನಿವೃತ್ತರಾದವರು ಕೂಡ ಪತ್ನಿಯೊಡನೆ ಹೊರಟರೆ ಮೂಲ ಪಿಂಚಣಿಯೊಂದರಿಂದಲೇ ಈ ಗೆರೆ ದಾಟಲಾರರು. ತುಟ್ಟಿಭತ್ಯೆಯನ್ನೋ ಬಾಡಿಗೆಯನ್ನೋ ಸೇರಿಸಿಕೊಳ್ಳಬೇಕು. ಪ್ರೌಢಶಾಲೆಯ ಶಿಕ್ಷಕರಾಗಿ ನಿವೃತ್ತರಾದವರ ಮಾತು ಹೇಳುವುದೇ ಬೇಡ. ಗಂಡ ಹೆಂಡಿರಿಬ್ಬರೂ ಸೇವೆಯಲ್ಲಿದ್ದು ಎರಡು ಪಿಂಚಣಿ ಬರುವ ಮನೆಗಳಿಗೆ, ಇಲ್ಲವೇ ಪೇಟೆಯಲ್ಲಿ ಬಾಡಿಗೆ ಮನೆಗಳುಳ್ಳವರಿಗೆ ಮಾತ್ರ ಲೆಕ್ಕ ಕೂಡಿ ಬರುತ್ತದೆ.

ಓಡುವ ಗೆರೆ

ಒಮ್ಮೆ ಗೆರೆ ದಾಟಿದರೆ ಮುಗಿಯಿತು ಎಂದು ಭಾವಿಸುವವರೇ ಹೆಚ್ಚು. ವಾಸದ ಪರವಾನಗಿ ಮೊದಲು 2 ವರ್ಷಕ್ಕೆ, ಬಳಿಕ 3 ವರ್ಷಕ್ಕೆ ನವೀಕರಣಗೊಳ್ಳುತ್ತದೆ. ನವೀಕರಣದ ವೇಳೆ ಮತ್ತೆ ಜೀವನಾಧಾರದ ದಾಖಲೆ ಕೇಳಲಾಗುತ್ತದೆ. ಆಗ ಅಳೆಯುವುದು ಅಂದಿನ ಕನಿಷ್ಠ ವೇತನದಿಂದಲೇ ಹೊರತು ಅರ್ಜಿ ಹಾಕಿದ ವರ್ಷದ ವೇತನದಿಂದ ಅಲ್ಲ.

ಪೋರ್ಚುಗಲ್‌ನ ಕನಿಷ್ಠ ವೇತನ 2015ರಲ್ಲಿ 505 ಯೂರೋ ಇತ್ತು. 2020ರಲ್ಲಿ 635, 2024ರಲ್ಲಿ 820, 2025ರಲ್ಲಿ 870, 2026ರಲ್ಲಿ 920. ಅಲ್ಲಿನ ಕಾರ್ಮಿಕರ ಪಾಲಿಗೆ ಇದು ನ್ಯಾಯವಾದ ಏರಿಕೆ. ಆದರೆ ಇದೇ ಅವಧಿಯಲ್ಲಿ ರೂಪಾಯಿಯೂ ಕುಸಿಯಿತು. 2015ರಲ್ಲಿ ಯೂರೋ ಒಂದಕ್ಕೆ ಸುಮಾರು 70 ರೂಪಾಯಿ ಇದ್ದದ್ದು 2025ರಲ್ಲಿ ನೂರನ್ನು ದಾಟಿತು. ಎರಡನ್ನೂ ಸೇರಿಸಿ ನೋಡಿದರೆ, ಒಬ್ಬರಿಗೆ ಬೇಕಾದ ಮಾಸಿಕ ವರಮಾನ 2015ರಲ್ಲಿ ಸುಮಾರು 35 ಸಾವಿರ ರೂಪಾಯಿ ಇದ್ದದ್ದು ಈಗ 96 ಸಾವಿರ ಮೀರಿದೆ. ಹನ್ನೊಂದು ವರ್ಷಗಳಲ್ಲಿ ಎರಡೂವರೆ ಪಟ್ಟಿಗೂ ಹೆಚ್ಚು.

ನಮ್ಮ ಸರ್ಕಾರಿ ಪಿಂಚಣಿಯ ತುಟ್ಟಿಭತ್ಯೆ ಭಾರತದ ಬೆಲೆ ಸೂಚ್ಯಂಕವನ್ನು ಅನುಸರಿಸುತ್ತದೆ. ಲಿಸ್ಬನ್ನಿನ ವೇತನವನ್ನಾಗಲಿ, ವಿನಿಮಯ ದರವನ್ನಾಗಲಿ ಅದು ಅರಿಯದು. ತುಟ್ಟಿಭತ್ಯೆಯೇ ಇಲ್ಲದ ವರ್ಷಾಶನದ ಸ್ಥಿತಿ ಇನ್ನೂ ಕಷ್ಟ. ಆದಕಾರಣ ಇಂದು ಅಗತ್ಯಕ್ಕೆ ತಕ್ಕಷ್ಟೇ ವರಮಾನವಿರುವವರು ಐದು ವರ್ಷದ ಬಳಿಕ, ವಯಸ್ಸು ಎಪ್ಪತ್ತು ದಾಟಿದಾಗ, ನವೀಕರಣದ ಕಿಟಕಿಯೆದುರು ಕೈಕಟ್ಟಿ ನಿಲ್ಲುವ ಸಂಭವವಿದೆ. ಮಿತಿಯ ಇಮ್ಮಡಿಯಷ್ಟಾದರೂ ವರಮಾನ ಇಲ್ಲದವರು ಈ ಸಾಹಸಕ್ಕೆ ಇಳಿಯದಿರುವುದೇ ಲೇಸು ಎಂಬುದು ಈ ಲೇಖಕರ ಅಭಿಪ್ರಾಯ. ಅದಕ್ಕೆ ಇನ್ನೊಂದು ಕಾರಣವೂ ಇದೆ. ಲಿಸ್ಬನ್ ನಗರದಲ್ಲಿ ಒಂದು ಮಲಗುವ ಕೋಣೆಯ ಮನೆಗೇ ತಿಂಗಳ ಬಾಡಿಗೆ ಸಾವಿರ ಯೂರೋ ದಾಟುವುದು ಸಾಮಾನ್ಯ. ಒಳನಾಡಿನ ವಿಝೆವು, ಕಾಸ್ಟೆಲು ಬ್ರಾಂಕುವಿನಂಥ ಊರುಗಳಲ್ಲಿ ಅಷ್ಟಿಲ್ಲ. ಆದರೆ ಅಲ್ಲಿ ಇಂಗ್ಲಿಷ್ ಬಲ್ಲವರೂ ಕಡಿಮೆ, ಭಾರತೀಯ ಅಂಗಡಿಗಳೂ ಕಡಿಮೆ. ಹಳೆಯ ಮನೆಗಳಲ್ಲಿ ಕೋಣೆ ಬೆಚ್ಚಗಿಡುವ ವ್ಯವಸ್ಥೆ ಅಪರೂಪವಾದ್ದರಿಂದ ಚಳಿಗಾಲದಲ್ಲಿ ಹೊರಗಿಗಿಂತ ಮನೆಯೊಳಗೇ ಥಂಡಿ ಹೆಚ್ಚು ಎಂಬ ಮಾತು ಅಲ್ಲಿಗೆ ಹೋದವರೆಲ್ಲರಿಂದ ಕೇಳಿಬರುತ್ತದೆ.

ಜೊತೆಗಾರರು ಇಲ್ಲವಾದಾಗ

ವೀಸಾ ಸಲಹೆಗಾರರ ಕರಪತ್ರಗಳಲ್ಲಿ ಕಾಣಸಿಗದ ಲೆಕ್ಕವೊಂದಿದೆ. ಸರ್ಕಾರಿ ಪಿಂಚಣಿ ಸಾಮಾನ್ಯವಾಗಿ ಕೊನೆಯ ಮೂಲ ವೇತನದ ಶೇ. 50. ಪಿಂಚಣಿದಾರರು ತೀರಿಕೊಂಡರೆ, ಆರಂಭದ ಕೆಲವು ವರ್ಷ ನಿಯಮಾನುಸಾರ ಸಿಗಬಹುದಾದ ಹೆಚ್ಚಿನ ದರವನ್ನು ಬಿಟ್ಟರೆ, ಪತ್ನಿಗೆ ಬರುವ ಕುಟುಂಬ ಪಿಂಚಣಿ ಕೊನೆಯ ವೇತನದ ಶೇ. 30. ಎಂದರೆ ಮೊದಲು ಬರುತ್ತಿದ್ದ ಪಿಂಚಣಿಯ ಶೇ. 60 ಮಾತ್ರ.

ಇತ್ತ ಪೋರ್ಚುಗಲ್‌ನ ಮಿತಿ ದಂಪತಿಗೆ ಒಂದೂವರೆ ವೇತನ, ಒಬ್ಬಂಟಿಗೆ ಒಂದು ವೇತನ. ಎಂದರೆ ಒಬ್ಬರ ಮಿತಿ ಇಬ್ಬರ ಮಿತಿಯ ಮೂರರಲ್ಲಿ ಎರಡು ಪಾಲು, ಸುಮಾರು ಶೇ. 67. ವರಮಾನ ಶೇ. 60ಕ್ಕೆ ಇಳಿಯುತ್ತದೆ, ಮಿತಿ ಶೇ. 67ಕ್ಕೆ ಇಳಿಯುತ್ತದೆ. ಪಿಂಚಣಿಯೊಂದನ್ನೇ ನಂಬಿ ಸರಿಯಾಗಿ 1.45 ಲಕ್ಷ ತೋರಿಸಿ ಹೋದ ದಂಪತಿಯಲ್ಲಿ ಪತಿ ಗತಿಸಿದರೆ ಪತ್ನಿಗೆ ಉಳಿಯುವುದು 87 ಸಾವಿರ. ಆಕೆ ತೋರಿಸಬೇಕಾದದ್ದು 96 ಸಾವಿರಕ್ಕೂ ಮಿಗಿಲು. ಕುಟುಂಬ ಸಂಯೋಜನೆಯ ಮೇಲೆ ಬಂದ ಸಂಗಾತಿಗೆ ವೈಧವ್ಯ ಒದಗಿದಾಗ ಸ್ವತಂತ್ರ ಪರವಾನಗಿ ನೀಡಲು ಅಲ್ಲಿನ ಕಾಯಿದೆಯಲ್ಲಿ ಅವಕಾಶವಿದೆ. ಆದರೆ ಭಾಷೆ ಬಾರದ ಊರಿನಲ್ಲಿ, ದುಃಖದ ದಿನಗಳಲ್ಲಿ, ಆ ಅರ್ಜಿಯನ್ನು ಬರೆಯಬೇಕಾದವರು ಅವರೇ. ಹೊರಡುವ ಮೊದಲೇ ಬಾಡಿಗೆಯ ಆಸ್ತಿಯನ್ನು ಅಥವಾ ಠೇವಣಿಯನ್ನು ಪತ್ನಿಯ ಹೆಸರಿಗೂ ಸೇರಿಸಿ, ಆಕೆಯ ಹೆಸರಿನಲ್ಲೇ ವರಮಾನ ಬರುವಂತೆ ಮಾಡಿಟ್ಟರೆ ಈ ತೊಡಕು ಬಹುಮಟ್ಟಿಗೆ ನಿವಾರಣೆಯಾಗುತ್ತದೆ.

ಅರ್ಜಿಯ ಹಾದಿ

ಅರ್ಜಿಯನ್ನು ಭಾರತದಲ್ಲಿರುವಾಗಲೇ ಸಲ್ಲಿಸಬೇಕು. ಪೋರ್ಚುಗಲ್‌ನ ತೆರಿಗೆ ಗುರುತಿನ ಸಂಖ್ಯೆ, ಅಲ್ಲಿನ ಬ್ಯಾಂಕ್ ಖಾತೆ, ವಾಸದ ಮನೆಯ ಕರಾರು, ವರಮಾನದ ದಾಖಲೆಗಳು, ಪ್ರಯಾಣ ಮತ್ತು ಆರೋಗ್ಯ ವಿಮೆ, ಪಾಸ್‌ಪೋರ್ಟ್ ಕಚೇರಿ ನೀಡುವ ಪೊಲೀಸ್ ಪ್ರಮಾಣಪತ್ರ ಇವು ಮುಖ್ಯ. ಮದುವೆಯ ನೋಂದಣಿ ಪತ್ರವೇ ಇಲ್ಲದ ಹಿರಿಯ ದಂಪತಿಗಳು ನಮ್ಮಲ್ಲಿ ಅನೇಕರಿದ್ದಾರೆ. ದೇವಸ್ಥಾನದ ರಸೀದಿಯಾಗಲಿ, ಆಮಂತ್ರಣ ಪತ್ರಿಕೆಯಾಗಲಿ ಇಲ್ಲಿ ನಡೆಯದು. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಣಿ ಮಾಡಿಸಿಕೊಂಡು, ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ ಪಡೆದೇ ಮುಂದುವರಿಯಬೇಕು.

ವೀಸಾ ಮಂಜೂರಾದರೆ ಅದು ನಾಲ್ಕು ತಿಂಗಳ ಅವಧಿಯದು, ಎರಡು ಬಾರಿ ಪ್ರವೇಶಕ್ಕೆ ಅನುವು. ಆ ಅವಧಿಯಲ್ಲಿ ಅಲ್ಲಿಗೆ ಹೋಗಿ ವಲಸೆ ಕಚೇರಿಯಲ್ಲಿ ಬೆರಳಚ್ಚು ಕೊಟ್ಟು ವಾಸದ ಕಾರ್ಡು ಪಡೆಯಬೇಕು. ಹಿಂದಿನ ವಲಸೆ ಇಲಾಖೆಯನ್ನು 2023ರ ಅಕ್ಟೋಬರ್‌ನಲ್ಲಿ ವಿಸರ್ಜಿಸಿ ‘ಐಮಾ’ ಎಂಬ ಹೊಸ ಸಂಸ್ಥೆ ಸ್ಥಾಪಿಸಲಾಯಿತು. ಹಳೆಯ ಇಲಾಖೆಯಿಂದ ಅದಕ್ಕೆ ಬಳುವಳಿಯಾಗಿ ಬಂದದ್ದು ಸುಮಾರು 4 ಲಕ್ಷ ಬಾಕಿ ಕಡತಗಳು. ವಿಳಂಬಕ್ಕೆ ಮನಸ್ಸು ಸಿದ್ಧವಿರಲಿ.

ಗೋವಾ ಮೂಲದ ಕುಟುಂಬಗಳು ಕಾರವಾರ, ಮಂಗಳೂರು ಕಡೆ ಹಲವಿವೆ. 1961ರ ಡಿಸೆಂಬರ್ 19ಕ್ಕೆ ಮೊದಲು ಪೋರ್ಚುಗೀಸ್ ಆಳ್ವಿಕೆಯ ಗೋವಾ, ದಮನ್, ದಿಯುಗಳಲ್ಲಿ ಜನಿಸಿದವರು ಮತ್ತು ಅವರ ಸಂತತಿಗೆ ಪೋರ್ಚುಗೀಸ್ ರಾಷ್ಟ್ರೀಯತೆಯ ಹಾದಿ ಬೇರೆಯೇ ಇದೆ. ಅದಕ್ಕೂ ಡಿ7ಗೂ ಸಂಬಂಧವಿಲ್ಲ.

ಊರಿಗೆ ಬಂದು ಹೋಗುವ ಮಾತು

ತಾತ್ಕಾಲಿಕ ಪರವಾನಗಿಯುಳ್ಳವರು ಸಕಾರಣವಿಲ್ಲದೆ ಒಂದೇ ಸಮನೆ 6 ತಿಂಗಳು, ಅಥವಾ ಪರವಾನಗಿಯ ಒಟ್ಟು ಅವಧಿಯಲ್ಲಿ ಬಿಡಿ ಬಿಡಿಯಾಗಿ 8 ತಿಂಗಳು ದೇಶದ ಹೊರಗಿದ್ದರೆ ಪರವಾನಗಿ ರದ್ದಾಗಬಹುದು. ಎರಡು ವರ್ಷದ ಕಾರ್ಡಿನಲ್ಲಿ ಎಂಟು ತಿಂಗಳೆಂದರೆ ವರ್ಷಕ್ಕೆ ಸರಾಸರಿ ನಾಲ್ಕು ತಿಂಗಳಾಯಿತು. ಅಡಿಕೆ ಕೊಯ್ಲಿಗೆ ಬಂದು, ಮಗಳ ಬಾಣಂತನ ಮುಗಿಸಿ, ತಂಗಿಯ ಮಗನ ಮದುವೆಗೆ ನಿಂತು ಹೋಗುತ್ತೇನೆ ಎನ್ನುವವರಿಗೆ ಈ ನಾಲ್ಕು ತಿಂಗಳು ನೀರಿನಂತೆ ಹರಿದುಹೋಗುತ್ತದೆ. ಕಾಯಿಲೆಯಂಥ ಬಲವಾದ ಕಾರಣವಿದ್ದರೆ ದಾಖಲೆಸಹಿತ ಅರ್ಜಿ ಸಲ್ಲಿಸಿ ವಿನಾಯಿತಿ ಕೇಳಬಹುದು.

ಐದು ವರ್ಷಗಳ ಬಳಿಕ ಕಾಯಂ ವಾಸದ ಪರವಾನಗಿ ಕೇಳಬಹುದಾದರೂ ಅದಕ್ಕೆ ಪ್ರಾಥಮಿಕ ಮಟ್ಟದ ಪೋರ್ಚುಗೀಸ್ ಭಾಷಾಜ್ಞಾನ ಅಗತ್ಯ. ಪೌರತ್ವದ ವಿಷಯ ಬೇರೆ. ಐದು ವರ್ಷದಲ್ಲಿ ಯುರೋಪಿನ ಪಾಸ್‌ಪೋರ್ಟ್ ಎಂದು ಜಾಹೀರಾತು ನೀಡುತ್ತಿದ್ದ ಕಾಲ ಹಿಂದೆ ಸರಿಯುತ್ತಿದೆ. 2025ರ ಅಕ್ಟೋಬರ್‌ನಲ್ಲಿ ಪೋರ್ಚುಗಲ್ ಸಂಸತ್ತು ಈ ಅವಧಿಯನ್ನು ಭಾರತೀಯರಂಥ ವಿದೇಶೀಯರಿಗೆ 10 ವರ್ಷಕ್ಕೆ ಏರಿಸುವ ಮಸೂದೆಗೆ ಒಪ್ಪಿಗೆ ನೀಡಿತು. ಅದೇ ಡಿಸೆಂಬರ್‌ನಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಮಸೂದೆಯ ಕೆಲವು ಅಂಶಗಳನ್ನು ಅಸಿಂಧುವೆಂದಿತು. ಅರವತ್ತೈದರಲ್ಲಿ ಹೊರಡುವವರು ಐದು ವರ್ಷದ ಪೌರತ್ವವನ್ನು ಲೆಕ್ಕಕ್ಕೆ ಹಿಡಿಯದಿರುವುದು ಒಳಿತು. ಇಷ್ಟಕ್ಕೂ ಪರದೇಶದ ಪೌರತ್ವ ಪಡೆದ ಕ್ಷಣಕ್ಕೆ ಭಾರತದ ಪೌರತ್ವ ಕೊನೆಗೊಳ್ಳುತ್ತದೆ ಎಂಬುದನ್ನು ಇಲ್ಲಿ ನೆನೆಯಬಹುದು.

ತೆರಿಗೆ ಮತ್ತು ಆರೋಗ್ಯ

2009ರಲ್ಲಿ ಪೋರ್ಚುಗಲ್ ಆರಂಭಿಸಿದ್ದ ವಿಶೇಷ ತೆರಿಗೆ ವ್ಯವಸ್ಥೆಯಲ್ಲಿ ವಿದೇಶಿ ಪಿಂಚಣಿಗೆ ಮೊದಲು ತೆರಿಗೆಯೇ ಇರಲಿಲ್ಲ, 2020ರಿಂದ ಶೇ. 10 ಇತ್ತು. ಯುರೋಪಿನ ಶ್ರೀಮಂತ ನಿವೃತ್ತರು ಅಲ್ಲಿಗೆ ಮುಗಿಬಿದ್ದದ್ದು ಇದರಿಂದಾಗಿಯೇ. ಹೊಸಬರಿಗೆ ಆ ಬಾಗಿಲು 2024ರಲ್ಲಿ ಮುಚ್ಚಿತು. ಬದಲಿಗೆ ಬಂದ ವ್ಯವಸ್ಥೆ ಸಂಶೋಧಕರು, ಪರಿಣತ ವೃತ್ತಿಪರರಿಗೆ ಮೀಸಲೇ ಹೊರತು ಪಿಂಚಣಿದಾರರಿಗಲ್ಲ. ವರ್ಷದಲ್ಲಿ 183 ದಿನಗಳಿಗೂ ಹೆಚ್ಚು ಅಲ್ಲಿರುವವರು ಅಲ್ಲಿನ ತೆರಿಗೆದಾರರೇ. ಗರಿಷ್ಠ ದರ ಶೇ. 48ರವರೆಗಿದೆ. ಭಾರತದಲ್ಲಿ ಹುಟ್ಟುವ ಪಿಂಚಣಿ, ಬಾಡಿಗೆಗೆ ಇಲ್ಲಿಯೂ ತೆರಿಗೆ ಇದೆ. ಎರಡೂ ದೇಶಗಳ ನಡುವೆ ದ್ವಿಗುಣ ತೆರಿಗೆ ನಿವಾರಣಾ ಒಪ್ಪಂದ ಇರುವುದರಿಂದ ಒಂದೇ ವರಮಾನಕ್ಕೆ ಎರಡು ಬಾರಿ ತೆರುವುದು ತಪ್ಪುತ್ತದೆ. ಆದರೆ ಸರ್ಕಾರಿ ಪಿಂಚಣಿಗೂ ಖಾಸಗಿ ಪಿಂಚಣಿಗೂ ಬೇರೆ ಬೇರೆ ವಿಧಿ ಅನ್ವಯಿಸುವುದರಿಂದ ಲೆಕ್ಕಪರಿಶೋಧಕರ ಸಲಹೆಯಿಲ್ಲದೆ ಹೆಜ್ಜೆ ಇಡಬಾರದು.

ವಾಸದ ಪರವಾನಗಿ ದೊರೆತವರು ಪೋರ್ಚುಗಲ್‌ನ ಸಾರ್ವಜನಿಕ ಆರೋಗ್ಯ ಸೇವೆಗೆ ಹೆಸರು ನೋಂದಾಯಿಸಬಹುದು. ಸೇವೆಯ ಗುಣಮಟ್ಟ ಒಳ್ಳೆಯದೇ. ಆದರೆ ಕುಟುಂಬ ವೈದ್ಯರ ಕೊರತೆ ತೀವ್ರವಾಗಿದ್ದು, ಇತ್ತೀಚಿನ ವರ್ಷಗಳಲ್ಲಿ ಸುಮಾರು 15 ಲಕ್ಷ ಮಂದಿಗೆ ನಿಗದಿತ ವೈದ್ಯರೇ ಇಲ್ಲದ ಸ್ಥಿತಿಯಿದೆ. ಖಾಸಗಿ ವಿಮೆಗೆ ಸೇರಲು ವಯಸ್ಸಿನ ಮಿತಿ ಅಡ್ಡ ಬರುತ್ತದೆ. ಭಾರತದಲ್ಲಿ ವರ್ಷಗಟ್ಟಲೆ ಕಂತು ಕಟ್ಟಿದ ವಿಮೆಗಳು ಸಾಮಾನ್ಯವಾಗಿ ಪರದೇಶದ ಚಿಕಿತ್ಸೆಗೆ ಅನ್ವಯಿಸವು. ಎಪ್ಪತ್ತು ದಾಟಿದವರಿಗೆ 2024ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಸೌಲಭ್ಯವೂ ಇಲ್ಲಿನ ಆಸ್ಪತ್ರೆಗಳಿಗೇ ಸೀಮಿತ. ಆದರೂ ಇಲ್ಲಿನ ಪಾಲಿಸಿಯನ್ನು ಕೈಬಿಡುವುದು ಜಾಣತನವಲ್ಲ. ಹಿಂದಿರುಗಿ ಬಂದಾಗ ಹೊಸ ಪಾಲಿಸಿ ಸಿಗುವ ವಯಸ್ಸು ಮೀರಿರುತ್ತದೆ.

ಹೊರಡುವ ಮುನ್ನ ಊರಿನಲ್ಲಿ ಮಾಡಬೇಕಾದದ್ದು

ಪರದೇಶದಲ್ಲಿ ನೆಲೆಸಲು ಹೊರಟವರು ತಮ್ಮ ಉಳಿತಾಯ ಖಾತೆಯನ್ನು ಅನಿವಾಸಿಗಳ ಸಾಮಾನ್ಯ ಖಾತೆಯಾಗಿ, ಅಂದರೆ ಎನ್‌ಆರ್‌ಒ ಖಾತೆಯಾಗಿ ಪರಿವರ್ತಿಸಬೇಕು. ಪಿಂಚಣಿ, ಬಾಡಿಗೆ, ಬಡ್ಡಿಯನ್ನು ತೆರಿಗೆ ಸಲ್ಲಿಸಿದ ಬಳಿಕ ಈ ಖಾತೆಯಿಂದ ಮಿತಿಯಿಲ್ಲದೆ ಹೊರಕ್ಕೆ ಕಳಿಸಬಹುದು. ಮನೆ ಮಾರಿದ ಹಣದಂಥ ಮೂಲಧನಕ್ಕೆ ಆರ್ಥಿಕ ವರ್ಷಕ್ಕೆ 10 ಲಕ್ಷ ಡಾಲರ್ ಮಿತಿಯಿದೆ. ನಿವಾಸಿಯಾಗಿ ಇರುವಾಗಲೇ ಕಳಿಸುವುದಾದರೆ ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿ; ಇಂಥ ರವಾನೆ 10 ಲಕ್ಷ ರೂಪಾಯಿ ಮೀರಿದರೆ ಹೆಚ್ಚುವರಿ ಮೊತ್ತಕ್ಕೆ ಬ್ಯಾಂಕು ಶೇ. 20 ಮುಂಗಡ ತೆರಿಗೆ ಹಿಡಿಯುತ್ತದೆ. ಅದನ್ನು ತೆರಿಗೆ ವಿವರಣೆ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಅನಿವಾಸಿಗಳು ಹೊಸ ಖಾತೆ ತೆರೆಯಲಾಗದು. ಕೃಷಿ ಜಮೀನು ಇದ್ದರೆ ಉಳಿಸಿಕೊಳ್ಳಬಹುದು; ಹೊಸದಾಗಿ ಕೊಳ್ಳುವಂತಿಲ್ಲ.

ಪ್ರತಿ ವರ್ಷ ನವೆಂಬರ್‌ನಲ್ಲಿ ಸಲ್ಲಿಸಬೇಕಾದ ಜೀವಂತ ಪ್ರಮಾಣಪತ್ರವನ್ನು ಮರೆತರೆ ಪಿಂಚಣಿಯೇ ನಿಲ್ಲುತ್ತದೆ, ಅದರೊಡನೆ ವೀಸಾದ ಆಧಾರವೂ. ಲಿಸ್ಬನ್ನಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಸಹಿ ಮಾಡಿಸಿ ಕಳಿಸಬಹುದು. 2014ರಲ್ಲಿ ಆರಂಭವಾದ ‘ಜೀವನ್ ಪ್ರಮಾಣ್’ ವ್ಯವಸ್ಥೆಯಲ್ಲಿ ಈಗ ಮೊಬೈಲಿನಲ್ಲಿ ಮುಖಚಹರೆ ತೋರಿಸಿಯೂ ಸಲ್ಲಿಸಬಹುದು. ಆಧಾರ್‌ಗೆ ಜೋಡಿಸಿದ ಭಾರತದ ಮೊಬೈಲ್ ಸಂಖ್ಯೆಯನ್ನು ಕೈಬಿಡದೆ ಚಾಲ್ತಿಯಲ್ಲಿ ಇಡುವುದು ಅವಶ್ಯ. ಬ್ಯಾಂಕಿನ ಒಂದು ಬಾರಿಯ ಗುಪ್ತಸಂಖ್ಯೆ ಬರುವುದೂ ಅದಕ್ಕೇ.

ಇತರ ದೇಶಗಳು

ಕರಾವಳಿಯಿಂದ ಕೊಲ್ಲಿಗೆ ಹೋಗಿ ದುಡಿದವರಿಗೆ ಸಂಯುಕ್ತ ಅರಬ್ ಎಮಿರೇಟ್ಸ್‌ನ ನಿವೃತ್ತಿ ವೀಸಾ ಹೆಚ್ಚು ಹತ್ತಿರದ್ದು. 55 ವರ್ಷ ತುಂಬಿರಬೇಕು, 15 ವರ್ಷ ದುಡಿದಿರಬೇಕು. 10 ಲಕ್ಷ ದಿರ್ಹಮ್ ಬೆಲೆಯ ಆಸ್ತಿ, ಅಷ್ಟೇ ಉಳಿತಾಯ, ಅಥವಾ ತಿಂಗಳಿಗೆ 20,000 ದಿರ್ಹಮ್ ವರಮಾನ, ಇವುಗಳಲ್ಲಿ ಒಂದು ಇರಬೇಕು. ದುಬೈಯಲ್ಲಿ ವರಮಾನದ ಮಿತಿ 15,000 ದಿರ್ಹಮ್. ಐದು ವರ್ಷಕ್ಕೊಮ್ಮೆ ನವೀಕರಣ. ವೈಯಕ್ತಿಕ ವರಮಾನ ತೆರಿಗೆ ಇಲ್ಲ, ವಿಮಾನ ಹತ್ತಿದರೆ ನಾಲ್ಕು ತಾಸಿನೊಳಗೆ ಮಂಗಳೂರು. ಅಂಗಡಿ ಕೆಲಸ, ಚಾಲಕ ವೃತ್ತಿ ಮಾಡಿ ಬಂದವರಿಗೆ ಈ ಮಿತಿ ನಿಲುಕದು ಎಂಬುದೂ ಅಷ್ಟೇ ನಿಜ.

ಮಲೇಷ್ಯಾದ ‘ನನ್ನ ಎರಡನೇ ಮನೆ’ ಯೋಜನೆ ನಿಯಮಗಳು ಹೇಗೆ ಬದಲಾಗುತ್ತವೆ ಎಂಬುದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿಯವರೆಗೆ ತಿಂಗಳಿಗೆ 10,000 ರಿಂಗಿಟ್ ಇದ್ದ ವರಮಾನದ ಮಿತಿಯನ್ನು 2021ರಲ್ಲಿ ಏಕಾಏಕಿ 40,000ಕ್ಕೆ ಏರಿಸಲಾಯಿತು. 2024ರಲ್ಲಿ ಮತ್ತೆ ಎಲ್ಲವನ್ನೂ ಬದಲಿಸಿ, ವರಮಾನದ ಬದಲು ಠೇವಣಿ ಹಾಗೂ ಮನೆ ಖರೀದಿಯ ನಿಬಂಧನೆ ತರಲಾಯಿತು.

ಥಾಯ್ಲೆಂಡ್ 50 ವರ್ಷ ತುಂಬಿದವರಿಗೆ 8 ಲಕ್ಷ ಬಾತ್ ಠೇವಣಿ ಅಥವಾ ತಿಂಗಳಿಗೆ 65,000 ಬಾತ್ ವರಮಾನದ ಮೇಲೆ ಒಂದೊಂದೇ ವರ್ಷದ ಅನುಮತಿ ನೀಡುತ್ತದೆ. ಪ್ರತಿ 90 ದಿನಕ್ಕೊಮ್ಮೆ ವಿಳಾಸವನ್ನು ವಲಸೆ ಕಚೇರಿಗೆ ತಿಳಿಸಬೇಕು. ವರ್ಷದಲ್ಲಿ 180 ದಿನ ಅಲ್ಲಿದ್ದವರು ಹೊರಗಿನಿಂದ ತರಿಸಿಕೊಳ್ಳುವ ವರಮಾನ 2024ರಿಂದ ಅಲ್ಲಿನ ತೆರಿಗೆಯ ವ್ಯಾಪ್ತಿಗೆ ಬಂದಿದೆ.